ಸೀಜ್ ಆದ ಎಂಜಿನ್ ಬಿಚ್ಚುವ ಮೊದಲು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಆ ಅವಧಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಕಡಲಿಗಿಳಿಯಲು ಅನುಮತಿ ಇರುವುದು ಹುಟ್ಟು ಹಾಕುವ ದೋಣಿಗಳಿಗೆ ಮತ್ತು 10 ಅಶ್ವಶಕ್ತಿಯೊಳಗಿನ ಮೋಟಾರು ಕಟ್ಟಿಕೊಂಡ ನಾಡದೋಣಿಗಳಿಗೆ ಮಾತ್ರ. ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರದ ಕಡೆ ನಾಡದೋಣಿ ನಂಬಿದ ಮನೆಗಳು ಈ ಎರಡು ತಿಂಗಳಿಗಾಗಿ ಕಾಯುತ್ತವೆ. ಮಳೆ ಸ್ವಲ್ಪ ಬಿಡುವು ಕೊಟ್ಟು ಕಡಲು ತಗ್ಗಿದ ದಿನ ಬಲೆ ತುಂಬಿಕೊಂಡು ದೋಣಿ ನೂಕಿದರೆ, ಹಗ್ಗ ಎಳೆದ ಕೂಡಲೇ ಎಂಜಿನ್ ಎದ್ದೇಳಬೇಕು. ಎದ್ದೇಳದಿದ್ದರೆ ಆ ದಿನದ ದುಡಿಮೆ ಹೋಯಿತು. ಹಗ್ಗವೇ ಅಲ್ಲಾಡದೆ ಕೈಗೆ ಕಲ್ಲಿನಂತೆ ಸಿಕ್ಕಿದರೆ ಎಂಜಿನ್ ಸೀಜ್ ಆಗಿದೆ ಎಂದರ್ಥ. ಆಗ ಹೋಗುವುದು ಒಂದು ದಿನದ ದುಡಿಮೆಯಷ್ಟೇ ಅಲ್ಲ, ಆ ಮಳೆಗಾಲದ ಒಂದು ದೊಡ್ಡ ತುಂಡು.

ದೋಣಿಯ ಹಿಂಬದಿಗೆ ಕಚ್ಚಿಸುವ ಈ ಔಟ್‌ಬೋರ್ಡ್ ಎಂಜಿನ್ನಿನ ರಿಪೇರಿಯನ್ನು ಊರಿನ ಹುಡುಗರು ಕಲಿಯಬೇಕು, ಅದೂ ತಮ್ಮ ಕೈಯಾರೆ ಬಿಚ್ಚಿ ಕಟ್ಟಿ ಕಲಿಯಬೇಕು ಎಂಬುದು ನನ್ನ ಬಹುದಿನದ ಆಸೆ. ಅದಕ್ಕೆ ಈಗ ಒಳ್ಳೆಯ ಅವಕಾಶವೂ ಇದೆ. ಸೀಮೆಎಣ್ಣೆಯ ಎಂಜಿನ್ ಬಿಟ್ಟು ಪೆಟ್ರೋಲಿನದ್ದಕ್ಕೆ ಹೋಗುವಂತೆ ಸರ್ಕಾರವೇ ಒತ್ತಾಯಿಸುತ್ತಿರುವುದರಿಂದ ಹಳೆಯ ಎರಡು-ಸ್ಟ್ರೋಕ್ ಎಂಜಿನ್‌ಗಳು ಕೊಟ್ಟಿಗೆಯ ಮೂಲೆ ಸೇರುತ್ತಿವೆ. ಕಲಿಯುವವರು ಮನೆಗೆ ಅನ್ನ ಹಾಕುವ ಎಂಜಿನ್ನಿಗೆ ಕೈ ಹಾಕುವುದು ಬೇಡ. ಮೂಲೆಯಲ್ಲಿ ಕೂತಿರುವ ಅಂಥದ್ದೊಂದನ್ನು ಎಳೆದು ತರಲಿ.

ಆದರೆ ಒಂದು ಮಾತನ್ನು ಮೊದಲೇ ಹೇಳಬೇಕು. ಹೊಸಬರಿಗೆ ರಿಪೇರಿಯೆಂದರೆ ಬಿಚ್ಚುವುದು, ತೊಳೆಯುವುದು, ಹೊಸ ಪಿಸ್ಟನ್ ಹಾಕುವುದು. ಹೀಗೆ ಮಾಡಿದ ಎಂಜಿನ್ ಕೆಲವೇ ದಿನಗಳಲ್ಲಿ ಮತ್ತೆ ಸೀಜ್ ಆಗುವುದು ತೀರಾ ಸಾಮಾನ್ಯ. ಪಿಸ್ಟನ್ ಯಾಕೆ ಕಚ್ಚಿಕೊಂಡಿತು ಎಂಬುದಕ್ಕೆ ಎಂಜಿನ್ನಿನ ಒಳಗೇ ಗುರುತುಗಳಿರುತ್ತವೆ. ತೊಳೆದ ಕೂಡಲೇ ಅವು ಅಳಿಸಿಹೋಗುತ್ತವೆ. ಕಾರಣ ಗೊತ್ತಾಗದೆ ಹಾಕಿದ ಹೊಸ ಪಿಸ್ಟನ್ನಿಗೂ ಹಳೆಯದರ ಗತಿಯೇ. ಆದ್ದರಿಂದ ಈ ಕೆಲಸದಲ್ಲಿ ಕಣ್ಣಿನ ಪಾಲು ಕೈಯ ಪಾಲಿಗಿಂತ ದೊಡ್ಡದು.

ಔಟ್‌ಬೋರ್ಡಿನ ರಚನೆ ತುಂಬ ಹಳೆಯದು, ಸರಳವಾದದ್ದು. ಅಮೆರಿಕದ ಮಿಲ್ವಾಕಿ ನಗರದಲ್ಲಿ ನಾರ್ವೆ ಮೂಲದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕಿಟ್ಟ ಯಂತ್ರದಿಂದ ಇಂದಿನ ಯಮಹಾ, ಸುಜುಕಿಗಳವರೆಗೆ ಮೂಲ ವಿನ್ಯಾಸ ಬದಲಾಗಿಲ್ಲ. ಮೇಲೆ ಎಂಜಿನ್. ಅದರೊಳಗೆ ಕ್ರ್ಯಾಂಕ್ ಶಾಫ್ಟ್ ನೆಟ್ಟಗೆ ನಿಂತಿರುತ್ತದೆ. ಅದರ ತಲೆಯ ಮೇಲೆ ಫ್ಲೈವೀಲ್, ಬುಡಕ್ಕೆ ಉದ್ದನೆಯ ಡ್ರೈವ್ ಶಾಫ್ಟ್. ಈ ಶಾಫ್ಟ್ ನೀರಿನೊಳಗಿನ ಗೇರ್ ಪೆಟ್ಟಿಗೆಗೆ ಇಳಿದು ಅಲ್ಲಿ ಫ್ಯಾನನ್ನು, ಅಂದರೆ ಪ್ರೊಪೆಲ್ಲರನ್ನು, ತಿರುಗಿಸುತ್ತದೆ. ಗೇರ್ ಪೆಟ್ಟಿಗೆಯ ನೆತ್ತಿಯ ಮೇಲೆ, ಅದೇ ಶಾಫ್ಟಿಗೆ ಸಿಕ್ಕಿಸಿದ ರಬ್ಬರ್ ಇಂಪೆಲ್ಲರ್ ಒಂದಿದೆ. ಎಂಜಿನ್ ತಂಪಾಗಿಡಲು ಕಡಲ ನೀರನ್ನು ಮೇಲಕ್ಕೆ ತಳ್ಳುವುದು ಅದರ ಕೆಲಸ.

ಎರಡು-ಸ್ಟ್ರೋಕ್ ಎಂಜಿನ್ನಿಗೆ ಕಾರಿನ ಹಾಗೆ ಕೆಳಗೆ ಆಯಿಲ್ ತುಂಬಿದ ತೊಟ್ಟಿ ಇಲ್ಲ. ಇಂಧನದಲ್ಲಿ ಬೆರೆಸಿದ ಆಯಿಲ್ಲೇ ಎಲ್ಲದಕ್ಕೂ ಆಧಾರ. ಕಾರ್ಬೊರೇಟರಿನಿಂದ ಬಂದ ಗಾಳಿ, ಇಂಧನ, ಆಯಿಲ್ಲಿನ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿಗೆ ಹೋಗಿ ಬೇರಿಂಗುಗಳನ್ನು ಒದ್ದೆ ಮಾಡಿ, ಆಮೇಲೆ ಸಿಲಿಂಡರಿಗೆ ಏರಿ ಉರಿಯುತ್ತದೆ. ಅಂದರೆ ಇಂಧನ ಕಡಿಮೆಯಾದರೆ ಆಯಿಲ್ಲೂ ಕಡಿಮೆಯಾಯಿತು. ಕಾರ್ಬೊರೇಟರಿನ ಜೆಟ್ಟಿನಲ್ಲಿ ಒಂದು ಚೂರು ಕಸ ಕೂತರೂ ಎಂಜಿನ್ ಒಣಗತೊಡಗುತ್ತದೆ. ಈ ಸಂಬಂಧವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮೊದಲ ಪ್ರಶ್ನೆ, ನಿಜವಾಗಿ ಸೀಜ್ ಆಗಿರುವುದು ಯಾವುದು ಎಂಬುದು. ಹಗ್ಗ ಬರುತ್ತಿಲ್ಲ ಎಂದಾಕ್ಷಣ ಪಿಸ್ಟನ್ ಕಚ್ಚಿದೆ ಎಂದು ತೀರ್ಮಾನಿಸಬಾರದು. ಸ್ಟಾರ್ಟರಿನ ಒಳಗೆ ಹಗ್ಗವೇ ಸಿಕ್ಕಿಹಾಕಿಕೊಂಡಿರಬಹುದು. ಸ್ಟಾರ್ಟರ್ ಬಿಚ್ಚಿ, ಪ್ಲಗ್‌ಗಳನ್ನು ತೆಗೆದು, ನ್ಯೂಟ್ರಲ್‌ನಲ್ಲಿಟ್ಟು ಫ್ಲೈವೀಲನ್ನು ಕೈಯಿಂದ ತಿರುಗಿಸಿ ನೋಡಿ. ಪ್ಲಗ್ ತೆಗೆದ ಕೂಡಲೇ ತೂತಿನಿಂದ ನೀರು ಚಿಮ್ಮಿ ಎಂಜಿನ್ ತಿರುಗಿತೆಂದರೆ ಸಿಲಿಂಡರಿನಲ್ಲಿ ನೀರು ತುಂಬಿತ್ತು ಅಷ್ಟೇ. ಆದರೆ ಆ ನೀರು ಎಲ್ಲಿಂದ ಬಂತು ಎಂದು ಹುಡುಕುವ ಕೆಲಸ ಉಳಿಯುತ್ತದೆ. ಇನ್ನೂ ತಿರುಗದಿದ್ದರೆ ಗೇರ್ ಪೆಟ್ಟಿಗೆಯನ್ನು ಕಳಚಿ. ನಾಲ್ಕಾರು ಬೋಲ್ಟು ಮತ್ತು ಗೇರ್ ಬದಲಿಸುವ ಸರಳಿನ ಜೋಡಣೆ ಬಿಚ್ಚಿದರೆ ಅದು ಕೆಳಕ್ಕೆ ಇಳಿದು ಬರಬೇಕು. ಇಳಿಸಿದ ಮೇಲೆ ಫ್ಲೈವೀಲ್ ತಿರುಗಿದರೆ ಎಂಜಿನ್ ಸರಿಯಿದೆ, ರೋಗ ಗೇರ್ ಪೆಟ್ಟಿಗೆಯಲ್ಲಿದೆ. ಅದರ ಕೆಳಗಿನ ಸ್ಕ್ರೂ ಬಿಚ್ಚಿದಾಗ ಆಯಿಲ್ ಬದಲು ಹಾಲು ಬೆರೆಸಿದಂಥ ಬೂದು ಬಣ್ಣದ್ದು ಸುರಿದರೆ ಸೀಲ್ ಸೋರಿ ನೀರು ಹೊಕ್ಕಿದೆ, ಬೇರಿಂಗುಗಳಿಗೆ ತುಕ್ಕು ಹಿಡಿದಿದೆ.

ನಮ್ಮ ಉಪ್ಪುನೀರಿನಲ್ಲಿ ಇನ್ನೊಂದು ತೊಡಕು ಆಗಾಗ ಎದುರಾಗುತ್ತದೆ. ಡ್ರೈವ್ ಶಾಫ್ಟಿನ ತುದಿಯ ಹಲ್ಲುಗಳು ಕ್ರ್ಯಾಂಕಿನ ತೂತಿನೊಳಗೇ ತುಕ್ಕು ಹಿಡಿದು ಒಂದಾಗಿಬಿಟ್ಟಿರುತ್ತವೆ. ಬೋಲ್ಟೆಲ್ಲ ಬಿಚ್ಚಿದರೂ ಗೇರ್ ಪೆಟ್ಟಿಗೆ ಇಳಿಯುವುದಿಲ್ಲ. ಕಳೆದ ಸಲ ಜೋಡಿಸಿದವರು ಆ ಹಲ್ಲುಗಳಿಗೆ ಗ್ರೀಸ್ ಹಚ್ಚಿರಲಿಲ್ಲ ಎಂಬುದು ಅಲ್ಲಿಗೆ ಗೊತ್ತಾಯಿತು.

ಗೇರ್ ಪೆಟ್ಟಿಗೆ ಇಳಿಸಿದ ಮೇಲೂ ಫ್ಲೈವೀಲ್ ಅಲ್ಲಾಡದಿದ್ದರೆ ರೋಗ ಎಂಜಿನ್ನಿನ ಒಳಗೇ ಇದೆ. ಇಲ್ಲಿ ಒಂದು ವಿಚಾರಣೆ ಬಾಕಿ ಇದೆ, ಅದು ಎಂಜಿನ್ನಿನ ಯಜಮಾನರ ಜೊತೆ. ಓಡುತ್ತಿದ್ದಾಗ ನಿಂತದ್ದೋ, ನಿಲ್ಲಿಸಿಟ್ಟಲ್ಲೇ ಕಚ್ಚಿದ್ದೋ? ಓಡುವಾಗ ಮೆಲ್ಲಗೆ ದಣಿದು ನಿಂತಿತೋ, ಒಮ್ಮೆಗೇ ಸದ್ದು ಮಾಡಿ ನಿಂತಿತೋ? ಪಕ್ಕದಿಂದ ಚಿಮ್ಮುವ ನೀರಿನ ಎಳೆ ಆ ದಿನ ಬರುತ್ತಿತ್ತೋ? ದೋಣಿ ಮಗುಚಿ ಎಂಜಿನ್ ನೀರಿಗೆ ಬಿದ್ದದ್ದುಂಟೋ? ಈ ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಳಗಿನ ಗುರುತು ನೋಡುವಾಗ ಇವು ಬೇಕಾಗುತ್ತವೆ.

ನಿಲ್ಲಿಸಿಟ್ಟಲ್ಲೇ ಕಚ್ಚಿದ್ದಾದರೆ ಸಂತೋಷಪಡಬೇಕು. ಹೆಚ್ಚಾಗಿ ಉಕ್ಕು ಅಥವಾ ಬೀಡಿನ ರಿಂಗುಗಳು ಸಿಲಿಂಡರಿನ ಒಳಗೋಡೆಯಾದ ಬೀಡಿನ ಬೋರಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಇದಕ್ಕೆ ಮದ್ದು ಎಣ್ಣೆ ಮತ್ತು ಸಮಯ. ಪ್ಲಗ್ಗಿನ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಸುರಿಯಬೇಕು. ಅಸಿಟೋನ್ ಮತ್ತು ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಆಯಿಲ್ ಸಮಪಾಲು ಬೆರೆಸಿ ಹಾಕುವ ರೂಢಿ ಮೆಕ್ಯಾನಿಕ್‌ಗಳಲ್ಲಿದೆ. ಡೀಸೆಲ್ ಸುರಿದು ಕಾಯುವವರೂ ಇದ್ದಾರೆ. ಎಂಜಿನ್ನನ್ನು ಪ್ಲಗ್ಗಿನ ತೂತು ಮೇಲಕ್ಕೆ ಬರುವಂತೆ ಮಲಗಿಸಿಟ್ಟರೆ ಎಣ್ಣೆ ಪಿಸ್ಟನ್ನಿನ ಸುತ್ತ ನಿಲ್ಲುತ್ತದೆ, ಇಲ್ಲವಾದರೆ ಒಂದು ಬದಿಗೆ ಹರಿದು ಅಲ್ಲೇ ಉಳಿಯುತ್ತದೆ. ದಿನಕ್ಕೊಮ್ಮೆ ಎಣ್ಣೆ ತುಂಬಿ, ಫ್ಲೈವೀಲಿನ ನಟ್ಟಿಗೆ ಸ್ಪಾನರ್ ಕೊಟ್ಟು, ಬಿಗಿಯಾಗುವ ದಿಕ್ಕಿಗೆ ಮೆಲ್ಲನೆ ಒತ್ತಿ ನೋಡಿ. ಒಂದು ಕೂದಲಿನಷ್ಟು ಜರುಗಿದರೂ ಸಾಕು, ಆಮೇಲೆ ಹಿಂದೆ ಮುಂದೆ ಆಡಿಸುತ್ತ ಬಿಡಿಸಬಹುದು. ಗೇರ್ ಪೆಟ್ಟಿಗೆ ಕೂಡಿಸಿರುವಾಗ ಮಾತ್ರ ಹಿಂದಕ್ಕೆ ತಿರುಗಿಸಬಾರದು, ಇಂಪೆಲ್ಲರಿನ ರಬ್ಬರ್ ಎಸಳುಗಳು ಮಗುಚಿಕೊಳ್ಳುತ್ತವೆ.

ಸುತ್ತಿಗೆಯನ್ನು ದೂರ ಇಡಿ. ಫ್ಲೈವೀಲಿಗೆ ಬಡಿದರೆ ಒಳಗಿನ ಅಯಸ್ಕಾಂತ ಒಡೆಯುತ್ತದೆ. ಪಿಸ್ಟನ್ ನೆತ್ತಿಗೆ ಬಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಣ್ಣೆಯಿಂದ ಆಗುವ ಕೆಲಸಕ್ಕೆ ಅವಸರ ಮಾಡಿ ಹೊಸ ಕ್ರ್ಯಾಂಕಿನ ಖರ್ಚು ತಂದುಕೊಳ್ಳುವುದು ನೋಡಲಾಗದ ಸಂಗತಿ.

ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಅಳಿವೆಗಳಲ್ಲಿ ಪ್ರತಿ ಮಳೆಗಾಲ ದೋಣಿಗಳು ಮಗುಚುತ್ತವೆ. ಕಡಲಿಗೆ ಬಿದ್ದ ಎಂಜಿನ್ನನ್ನು ಮೇಲೆತ್ತಿ ದಡದಲ್ಲಿ ಒಣಗಲು ಇಡುವವರಿದ್ದಾರೆ. ಅದು ಎಂಜಿನ್ನನ್ನು ಕೊಂದಂತೆ. ಉಪ್ಪುನೀರು ತಾಗಿದ ಉಕ್ಕು ನೀರಿನೊಳಗಿರುವಾಗ ನಿಧಾನವಾಗಿ ಕೆಡುತ್ತದೆ, ಗಾಳಿ ತಾಗಿದ ಮೇಲೆ ಗಂಟೆಗಳ ಲೆಕ್ಕದಲ್ಲಿ ತುಕ್ಕು ಏಳುತ್ತದೆ. ಕೂಡಲೇ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ಬಿಚ್ಚಿ ನೀರು ಬಸಿದು, ಆಯಿಲ್ ಹಾಕಿ ತಿರುಗಿಸಿ, ಅದೇ ದಿನ ಎಂಜಿನ್ ಓಡಿಸಬೇಕು. ಮೆಕ್ಯಾನಿಕ್ ಬರುವುದು ನಾಳೆ ಎಂದಾದರೆ ಅಲ್ಲಿಯವರೆಗೆ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡುವುದು ಲೇಸು.

ಈಗ ಬಿಚ್ಚುವ ಕೆಲಸ. ಇದರಲ್ಲಿ ಹೊಸಬರನ್ನು ಅತಿ ಹೆಚ್ಚು ಕಾಡುವುದು ಬೋಲ್ಟುಗಳು. ಅಲ್ಯುಮಿನಿಯಂ ಬ್ಲಾಕಿನೊಳಗೆ ಸ್ಟೀಲ್ ಬೋಲ್ಟು, ಸುತ್ತ ಉಪ್ಪುನೀರು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದು ಬ್ಯಾಟರಿಯಂತೆ ವರ್ತಿಸುತ್ತದೆ, ಅಲ್ಯುಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿ ಥ್ರೆಡ್ಡಿನ ಸಂದಿಯಲ್ಲಿ ಉಬ್ಬಿ ಬೋಲ್ಟನ್ನು ಬಂಧಿಸುತ್ತದೆ. ಉದ್ದ ಹಿಡಿಯ ಸ್ಪಾನರ್ ಹಾಕಿ ಬಲ ಬಿಟ್ಟರೆ ತಲೆ ಕತ್ತರಿಸಿಕೊಂಡು ಕೈಗೆ ಬರುತ್ತದೆ. ಬೋಲ್ಟಿನ ಸುತ್ತಲಿನ ಅಲ್ಯುಮಿನಿಯಮ್ಮನ್ನು ಬಿಸಿಗಾಳಿಯ ಗನ್ನಿನಿಂದ ಕಾಯಿಸಿ. ಅಲ್ಯುಮಿನಿಯಂ ಸ್ಟೀಲಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಆರಿದ ಮೇಲೆ ತುಕ್ಕಿನೆಣ್ಣೆ ಬಿಡಿ, ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಮೊದಲು ಒಂದಿಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಮತ್ತೆ ಬಿಗಿ ಮಾಡಿ. ಹೀಗೆ ಸ್ವಲ್ಪ ಸ್ವಲ್ಪವೇ ಹೊರಗೆ ತನ್ನಿ. ಗನ್ ಹಚ್ಚುವ ಮೊದಲು ಪೆಟ್ರೋಲಿನ ಪೈಪು, ಟ್ಯಾಂಕು, ಕಾರ್ಬೊರೇಟರ್ ಎಲ್ಲ ಅಂಗಳದಾಚೆ ಇರಬೇಕೆಂದು ಬೇರೆ ಹೇಳಬೇಕಿಲ್ಲ. ಇಷ್ಟಾಗಿಯೂ ಕೆಲವು ತುಂಡಾಗುತ್ತವೆ. ಆಗ ಸರಿಯಾಗಿ ನಡುವೆ ಗುರುತು ಮಾಡಿ ಕೊರೆದು, ತೂತಿಗೆ ಹೆಲಿಕಾಯಿಲ್ ಎಂಬ ಸ್ಟೀಲ್ ಸುರುಳಿ ಕೂರಿಸಿದರೆ ಹಳೆಯದಕ್ಕಿಂತ ಗಟ್ಟಿ ಥ್ರೆಡ್ ಸಿಗುತ್ತದೆ. ಕೊರೆಯುವುದು ಓರೆಯಾದರೆ ಬ್ಲಾಕೇ ಹಾಳು, ಅದನ್ನು ಲೇತ್ ಅಂಗಡಿಗೆ ಒಯ್ಯುವುದು ಒಳ್ಳೆಯದು.

ಫ್ಲೈವೀಲ್ ತೆಗೆಯಲು ಮೂರು ಬೋಲ್ಟಿನ ಪುಲ್ಲರ್ ಬೇಕೇ ಬೇಕು. ಅಂಚಿಗೆ ಕೊಕ್ಕೆ ಹಾಕಿ ಎಳೆಯುವಂಥದ್ದು ಬೇಡ, ಫ್ಲೈವೀಲ್ ಸೊಟ್ಟಗಾಗುತ್ತದೆ. ಅದರಡಿಯ ಅರ್ಧಚಂದ್ರಾಕಾರದ ಕೀಯನ್ನು ಜೋಪಾನ ಮಾಡಿ. ಎಂಜಿನ್ ಒಮ್ಮೆಗೇ ನಿಂತಿದ್ದರೆ ಆ ಕೀ ಕತ್ತರಿಸಿರಬಹುದು, ಹಾಗಾದರೆ ಸ್ಪಾರ್ಕಿನ ಹೊತ್ತೇ ತಪ್ಪುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬಿಚ್ಚಿದ ಬೋಲ್ಟುಗಳನ್ನು ಒಂದು ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು ಆಯಾ ಜಾಗಕ್ಕೇ ಚುಚ್ಚಿಡಿ. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಬಿಗಿದು ಬ್ಲಾಕ್ ಒಡೆಯುವುದು ಜೋಡಿಸುವಾಗ ಆಗುವ ಅನಾಹುತ.

ಹೆಡ್ ತೆಗೆದು ಸಿಲಿಂಡರ್ ಕಂಡ ಕ್ಷಣ ಕೈ ತಡೆದು ನಿಲ್ಲಬೇಕು. ಒರೆಸುವ ಬಟ್ಟೆ ಮುಟ್ಟಬೇಡಿ. ಒಳ್ಳೆಯ ಬೆಳಕಿನಲ್ಲಿ ನೋಡಿ, ಫೋಟೊ ತೆಗೆಯಿರಿ, ಆಮೇಲೆ ಪಿಸ್ಟನ್ ಹೊರತೆಗೆದು ಅದರ ನಾಲ್ಕೂ ಬದಿಯನ್ನು ನೋಡಿ.

ಬೋರಿನಲ್ಲಿ ಅಡ್ಡಡ್ಡವಾಗಿ ಒಂದು ತುಕ್ಕಿನ ಪಟ್ಟಿ, ಪಿಸ್ಟನ್ನಿನ ಮೈಯಲ್ಲಿ ಗೀರುಗಳೇ ಇಲ್ಲ. ಇದು ನಿಂತಲ್ಲೇ ಕಚ್ಚಿದ ಎಂಜಿನ್. ನೀರು ಒಳಗೆ ಬಂದ ದಾರಿ ಹುಡುಕಿ. ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್ಟು, ಇಲ್ಲವೇ ಎಕ್ಸಾಸ್ಟ್ ಕವರಿನ ಗ್ಯಾಸ್ಕೆಟ್ಟು ಸೋರಿರುತ್ತದೆ.

ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಉದ್ದುದ್ದ ಗೀರು, ಉಜ್ಜಿ ಹರಡಿದ ಅಲ್ಯುಮಿನಿಯಂ. ಅತಿ ಬಿಸಿಯಾಗುವ ಬದಿ ಅದು. ನೀರು ಏರಿಲ್ಲ, ಅಥವಾ ಇಂಧನ ತೆಳುವಾಗಿದೆ. ಎಂಜಿನ್ ಎರಡು ಸಿಲಿಂಡರಿನದ್ದಾಗಿ ಎರಡರಲ್ಲೂ ಹೀಗಿದ್ದರೆ ಇಂಪೆಲ್ಲರ್ ಕಡೆ ಅನುಮಾನಿಸಿ. ಒಂದರಲ್ಲಿ ಮಾತ್ರ ಇದ್ದರೆ ಆ ಸಿಲಿಂಡರಿಗೆ ಸೇರಿದ ಗಾಳಿ ಸೋರಿಕೆಯನ್ನೋ ಕ್ರ್ಯಾಂಕ್ ಸೀಲನ್ನೋ ನೋಡಿ. ಹರಿದ ಸೀಲಿನಿಂದ ಹೊರಗಿನ ಗಾಳಿ ಒಳಹೊಕ್ಕು ಮಿಶ್ರಣವನ್ನು ತೆಳುಮಾಡುತ್ತದೆ.

ಸುತ್ತಲೂ, ಇಂಧನ ಒಳಬರುವ ತಂಪು ಬದಿಯಲ್ಲೂ ಗೀರು ಬಿದ್ದು, ಬೇರಿಂಗುಗಳು ನೀಲಿಗಟ್ಟಿದ್ದರೆ ಆಯಿಲ್ ಇರಲಿಲ್ಲ. ಯಾರೋ ಅವಸರದಲ್ಲಿ ಬೆರೆಸದೆ ಬರೀ ಪೆಟ್ರೋಲ್ ಸುರಿದಿರುತ್ತಾರೆ.

ನಾಲ್ಕು ಮೂಲೆಗಳಲ್ಲಿ ನಾಲ್ಕು ಗೀರು ಕಂಡರೆ ಅದು ನಮ್ಮ ಅಳಿವೆಗಳಿಗೆ ನೇರ ಸಂಬಂಧವಿರುವ ರೋಗ. ಅಲ್ಯುಮಿನಿಯಂ ಪಿಸ್ಟನ್ ಬೀಡಿನ ಬೋರಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಈ ಗಾತ್ರದ ಎಂಜಿನ್ನಿನ ಬೋರ್ 56 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. 100 ಡಿಗ್ರಿ ಬಿಸಿ ಏರಿದರೆ ಪಿಸ್ಟನ್ 0.12 ಮಿಲಿಮೀಟರಿನಷ್ಟು ಹಿಗ್ಗುತ್ತದೆ, ಬೋರ್ ಅಷ್ಟೇ ಬಿಸಿಯಾದರೂ ಹಿಗ್ಗುವುದು ಸುಮಾರು 0.06. ಎರಡರ ನಡುವೆ ಇಟ್ಟಿರುವ ಸಂದಿಯೇ ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲು. ತಣ್ಣಗಿರುವ ಎಂಜಿನ್ ಹಚ್ಚಿ, ತೆರೆ ಮುರಿಯುವ ಮೊದಲು ಅಳಿವೆ ದಾಟಬೇಕೆಂದು ಕೂಡಲೇ ಪೂರ್ತಿ ವೇಗ ಕೊಟ್ಟರೆ ಪಿಸ್ಟನ್ ಕ್ಷಣದಲ್ಲಿ ಕಾಯುತ್ತದೆ, ಕಡಲ ನೀರು ಸುತ್ತ ಹರಿಯುವ ಬೋರ್ ಇನ್ನೂ ತಣ್ಣಗಿರುತ್ತದೆ. ಸಂದಿ ಮಾಯವಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಅದೂ ತೆರೆಯ ಬಾಯಲ್ಲಿ. ಹೊಳೆಯ ಒಳಗೇ ಐದು ನಿಮಿಷ ಮೆಲ್ಲಗೆ ಓಡಿಸಿ ಬಿಸಿ ಮಾಡಿಕೊಳ್ಳಿ ಎಂದು ಹಿರಿಯರು ಹೇಳುವುದು ಪ್ರಾಣ ಉಳಿಸುವ ಮಾತು.

ಸೀಮೆಎಣ್ಣೆಯ ಎಂಜಿನ್‌ಗಳಲ್ಲಿ ಇನ್ನೊಂದು ಬಗೆ. ಇವು ಪೆಟ್ರೋಲಿನಲ್ಲಿ ಹಚ್ಚಿ, ಕಾದ ಮೇಲೆ ಸೀಮೆಎಣ್ಣೆಗೆ ಬದಲಿಸುವಂಥವು. ಕಾಯುವ ಮೊದಲೇ ಬದಲಿಸಿದರೆ ಸೀಮೆಎಣ್ಣೆ ಸರಿಯಾಗಿ ಆವಿಯಾಗದೆ ಅರೆಬರೆ ಉರಿದು ಮಸಿ ಕಟ್ಟುತ್ತದೆ. ಆ ಮಸಿ ರಿಂಗು ಕೂರುವ ತೋಡಿನಲ್ಲಿ ಗಟ್ಟಿಯಾಗಿ ರಿಂಗು ಅಲ್ಲಾಡದಂತಾಗುತ್ತದೆ. ಬಿಸಿ ಅನಿಲ ರಿಂಗಿನ ಪಕ್ಕದಿಂದ ನುಗ್ಗಿ ಆಯಿಲ್ ಪದರವನ್ನು ಸುಡುತ್ತದೆ. ಪಿಸ್ಟನ್ನಿನ ಮೈ ರಿಂಗಿನ ಕೆಳಗೂ ಕಂದು ಕಪ್ಪಾಗಿದ್ದರೆ ಇದೇ ಕಾರಣ. ಇಂಥ ಎಂಜಿನ್ನಿಗೆ ಬಿಡಿಭಾಗ ಕೊಳ್ಳುವಾಗ ಮಾದರಿ ಸಂಖ್ಯೆ ತೋರಿಸಿಯೇ ಕೊಳ್ಳಬೇಕು. ಸೀಮೆಎಣ್ಣೆ ಬೇಗ ಬಡಿಯುವ ಇಂಧನವಾದ್ದರಿಂದ ಇವುಗಳ ಕಂಪ್ರೆಶನ್ ಕಡಿಮೆ ಇಟ್ಟಿರುತ್ತಾರೆ, ಪೆಟ್ರೋಲ್ ಮಾದರಿಯ ಹೆಡ್ಡು ಇದಕ್ಕೆ ಹೊಂದುವುದಿಲ್ಲ.

ಕಾರಣ ತಿಳಿದ ಮೇಲೆ ತೊಳೆಯಬಹುದು. ಬೋರಿನ ಬೀಡಿಗೆ ಅಂಟಿದ ಅಲ್ಯುಮಿನಿಯಂ ತೆಗೆಯಲು ಕಾಸ್ಟಿಕ್ ಸೋಡಾದ ನೀರನ್ನು ಹತ್ತಿಯಲ್ಲಿ ಅದ್ದಿ ಆ ಗೀರಿಗಷ್ಟೇ ಹಚ್ಚುತ್ತಾರೆ. ಅದು ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ಬೀಡನ್ನು ಬಿಡುತ್ತದೆ. ಬ್ಲಾಕಿನ ಉಳಿದ ಮೈ ಅಲ್ಯುಮಿನಿಯಮ್ಮೇ ಆದ್ದರಿಂದ ಒಂದು ಹನಿಯೂ ಅತ್ತಿತ್ತ ಹರಿಯಬಾರದು. ಕೈಗವಸು, ಕನ್ನಡಕ, ಬಯಲು ಜಾಗ ಕಡ್ಡಾಯ. ಇದರಿಂದ ಏಳುವುದು ಹೈಡ್ರೋಜನ್ ಅನಿಲ, ಹತ್ತಿರ ಬೀಡಿ ಸೇದಲೂಬಾರದು. ಮುಗಿದ ಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆದು, ಒರೆಸಿ, ತಕ್ಷಣ ಆಯಿಲ್ ಹಚ್ಚಿ. ಆಗಲೇ ಬೋರಿನ ನಿಜಸ್ಥಿತಿ ಕಾಣುವುದು. ಭಯಂಕರವಾಗಿ ಕಂಡ ಎಷ್ಟೋ ಬೋರುಗಳು ಅಲ್ಯುಮಿನಿಯಂ ಕಳಚಿದ ಮೇಲೆ ಚೆನ್ನಾಗಿಯೇ ಇರುತ್ತವೆ. ಉಗುರು ಆಡಿಸಿದಾಗ ಸಿಕ್ಕದಷ್ಟು ನಯವಾಗಿದ್ದರೆ ಹೋನಿಂಗ್, ಅಂದರೆ ಕಲ್ಲಿನಿಂದ ಉಜ್ಜುವುದು, ಸಾಕಾಗಬಹುದು.

ಸಾಕೋ ಸಾಲದೋ ಎಂದು ತೀರ್ಮಾನಿಸುವುದು ಅಳತೆ. ಬೋರಿನ ಮೇಲೆ, ನಡುವೆ, ಕೆಳಗೆ, ಒಂದೊಂದು ಕಡೆಯೂ ಎರಡು ದಿಕ್ಕಿನಲ್ಲಿ ಬೋರ್ ಗೇಜಿನಿಂದ ಅಳೆಯಬೇಕು. ಉಪಕರಣ ದುಬಾರಿ, ಒಮ್ಮೆಯ ಕೆಲಸಕ್ಕೆ ಕೊಳ್ಳುವಂಥದ್ದಲ್ಲ. ಬ್ಲಾಕನ್ನು ಬೋರಿಂಗ್ ಮಾಡುವ ಅಂಗಡಿಗೆ ಒಯ್ದು ನಿಮ್ಮ ಮುಂದೆಯೇ ಅಳೆಸಿ, ಅಂಕಿಗಳನ್ನು ಬರೆದುಕೊಂಡು ಸರ್ವಿಸ್ ಪುಸ್ತಕದ ಮಿತಿಗೆ ಹೋಲಿಸಿ. ಮಿತಿ ಮೀರಿದ್ದರೆ 0.25 ಅಥವಾ 0.50 ಮಿಲಿಮೀಟರ್ ಹೆಚ್ಚಿನ ಗಾತ್ರಕ್ಕೆ ಬೋರ್ ಮಾಡಿಸಿ ಅದೇ ಗಾತ್ರದ ಪಿಸ್ಟನ್ ಹಾಕಬೇಕು. ಪಿಸ್ಟನ್ನನ್ನು ಮೊದಲು ಕೊಂಡು ಅಂಗಡಿಯವರ ಕೈಗೆ ಕೊಡಿ, ಅದನ್ನು ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಲಿ.

ಕ್ರ್ಯಾಂಕ್ ಶಾಫ್ಟನ್ನು ತೊಳೆದು, ಆಯಿಲ್ ಹನಿಸಿ, ಕೈಯಲ್ಲಿ ಹಿಡಿದು ಒಂದೊಂದು ಬೇರಿಂಗನ್ನೂ ಮೆಲ್ಲನೆ ತಿರುಗಿಸಿ. ಕರಕರ ಎಂದರೆ ತುಕ್ಕಿನ ಚುಕ್ಕೆ ಇದೆ, ಆ ಬೇರಿಂಗ್ ಬಾಳುವುದಿಲ್ಲ. ಚಿಕ್ಕ ಎರಡು-ಸ್ಟ್ರೋಕ್‌ಗಳ ಕ್ರ್ಯಾಂಕನ್ನು ಹಲವು ತುಂಡುಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿರುತ್ತಾರೆ. ಅದನ್ನು ಬಿಡಿಸಿ ಮತ್ತೆ ನೇರವಾಗಿ ಕೂಡಿಸುವುದು ಕಲಿಯುವವರ ಕೆಲಸವಲ್ಲ. ಪ್ರೆಸ್ ಮತ್ತು ಡಯಲ್ ಗೇಜ್ ಇರುವವರಿಗೆ ಬಿಟ್ಟುಬಿಡಿ.

ಜೋಡಿಸುವುದು ಬಿಚ್ಚಿದ್ದಕ್ಕಿಂತ ಬೇಗ ಆಗುತ್ತದೆ, ಆದರೆ ಕೆಲವು ಕಡೆ ಮೈಯೆಲ್ಲ ಕಣ್ಣಾಗಿರಬೇಕು. ಹೊಸ ರಿಂಗನ್ನು ಮೊದಲು ಬರಿಯ ಬೋರಿಗಿಳಿಸಿ, ಪಿಸ್ಟನ್ನಿನ ನೆತ್ತಿಯಿಂದ ನೇರವಾಗಿ ತಳ್ಳಿ, ರಿಂಗಿನ ಬಾಯಿಯ ಸಂದಿಯನ್ನು ಫೀಲರ್ ಗೇಜಿನಿಂದ ಅಳೆಯಿರಿ. ಸಂದಿಯೇ ಇಲ್ಲದಿದ್ದರೆ ರಿಂಗು ಬಿಸಿಗೆ ಹಿಗ್ಗಿ ಬೋರಿಗೆ ಕಚ್ಚುತ್ತದೆ. ಎರಡು-ಸ್ಟ್ರೋಕ್ ಪಿಸ್ಟನ್ನಿನ ರಿಂಗಿನ ತೋಡಿನಲ್ಲಿ ಒಂದು ಪುಟ್ಟ ಪಿನ್ನಿದೆ. ರಿಂಗಿನ ಬಾಯಿ ಆ ಪಿನ್ನಿನ ಎರಡೂ ಬದಿಗೆ ಕೂರಬೇಕು, ಇಲ್ಲವಾದರೆ ಅನಿಲ ಹಾದುಹೋಗುವ ಬೋರಿನ ಕಿಟಕಿಗಳಿಗೆ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ನಿನ ನೆತ್ತಿಯ ಬಾಣ ಅಥವಾ ಅಕ್ಷರ ಯಾವ ದಿಕ್ಕಿಗಿರಬೇಕೆಂದು ಪುಸ್ತಕ ನೋಡಿ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಕೂಡಿಸುವ ಗಜನ್ ಪಿನ್ನಿನ ಸರ್ಕ್ಲಿಪ್ಪುಗಳನ್ನು ಹೊಸದೇ ಹಾಕಿ. ಕೆಲವು ರೂಪಾಯಿಯ ಹಳೆಯ ಕ್ಲಿಪ್ ಹಾರಿದರೆ ಹೊಸ ಬೋರನ್ನೇ ಉಳುತ್ತದೆ. ಗ್ಯಾಸ್ಕೆಟ್ಟು, ಸೀಲುಗಳೆಲ್ಲ ಹೊಸದಿರಲಿ. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದ ಬಿಗಿಯಿರಿ.

ಇಂಪೆಲ್ಲರನ್ನು ಹಳೆಯದು ಚೆನ್ನಾಗಿದೆ ಎಂದು ಕಂಡರೂ ಬದಲಿಸಿ. ಹಳೆಯದರ ಎಸಳು ಮುರಿದಿದ್ದರೆ ಆ ತುಂಡು ಸಿಗುವವರೆಗೆ ಹುಡುಕಿ, ಅದು ನೀರಿನ ಹಾದಿಯಲ್ಲಿ ಮೇಲೆಲ್ಲೋ ಸಿಕ್ಕಿಕೊಂಡಿರುತ್ತದೆ. ಬ್ಲಾಕಿನ ನೀರಿನ ಕಾಲುವೆಗಳಲ್ಲಿ ಗಟ್ಟಿಯಾದ ಉಪ್ಪು, ಮರಳು ತುಂಬಿರುತ್ತದೆ, ತಂತಿ ಆಡಿಸಿ ತೊಳೆಯಿರಿ. ಕಾರ್ಬೊರೇಟರಿನ ಜೆಟ್ಟುಗಳನ್ನು ಬಿಚ್ಚಿ ಗಾಳಿ ಊದಿ, ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುವುದೇ ನೋಡಿ. ಜೆಟ್ಟಿಗೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಟ್ಯಾಂಕಿನ ತಳದ ನೀರು ಬಸಿಯಿರಿ. ಪೆಟ್ರೋಲ್ ಪೈಪ್ ಒಳಗಿನಿಂದ ಪುಡಿಯಾಗುತ್ತಿದ್ದರೆ ಬದಲಿಸಿ.

ಮೊದಲ ಸಲ ಹಚ್ಚುವುದು ಡ್ರಮ್ಮಿನ ನೀರಿನಲ್ಲಿ, ಫ್ಯಾನ್ ಕಳಚಿಟ್ಟು. ನೀರಿಲ್ಲದೆ ಕೆಲವು ಸೆಕೆಂಡು ಓಡಿದರೂ ಇಂಪೆಲ್ಲರ್ ಸುಡುತ್ತದೆ. ಈ ಮಾದರಿಯ ಎರಡು-ಸ್ಟ್ರೋಕ್‌ಗಳಿಗೆ ಸಾಮಾನ್ಯವಾಗಿ 50ಕ್ಕೆ 1ರಂತೆ ಆಯಿಲ್ ಬೆರೆಸುತ್ತಾರೆ, ಅಂದರೆ 10 ಲೀಟರಿಗೆ 200 ಮಿಲಿಲೀಟರ್. ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಮೊದಲ 10 ಗಂಟೆ ಅದರ ಎರಡರಷ್ಟು, 10 ಲೀಟರಿಗೆ 400. ನಿಮ್ಮ ಎಂಜಿನ್ನಿನ ಪುಸ್ತಕ ಬೇರೆ ಹೇಳಿದರೆ ಅದರಂತೆ ಮಾಡಿ. ಆಯಿಲ್ ಟಿಸಿ-ಡಬ್ಲ್ಯು3 ಗುರುತಿನ ದೋಣಿಯ ಆಯಿಲ್ಲೇ ಆಗಿರಲಿ. ಬೈಕಿನ ಆಯಿಲ್ ಸಾಮಾನ್ಯವಾಗಿ ಹೆಚ್ಚು ಬಿಸಿಗೆ ಮಾಡಿದ್ದು, ನೀರಿನಿಂದ ತಂಪಾಗುವ ಈ ಎಂಜಿನ್ನಿನಲ್ಲಿ ಬೂದಿ ಬಿಡುತ್ತದೆ. ಹಚ್ಚಿದ ಕೂಡಲೇ ಕಣ್ಣು ನೀರಿನ ಎಳೆಯ ಮೇಲಿರಲಿ. ಚಿಮ್ಮದಿದ್ದರೆ ತಕ್ಷಣ ನಿಲ್ಲಿಸಿ. ಹೊಗೆ ತುಂಬ ಬರುತ್ತದೆ, ಜೋಡಿಸುವಾಗ ಹಚ್ಚಿದ ಆಯಿಲ್ ಉರಿಯುತ್ತಿದೆ, ಹೆದರಬೇಕಿಲ್ಲ. ನಿಲ್ಲಿಸಿದ ಮೇಲೆ ಎರಡೂ ಸಿಲಿಂಡರಿನ ಕಂಪ್ರೆಶನ್ ನೋಡಿ, ಎರಡರ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಆಮೇಲೆ ಹೊಳೆಗೆ ಇಳಿಸಿ, ಕಡಲಿಗೆ ಈಗಲೇ ಬೇಡ. ಮೊದಲ ಗಂಟೆ ಅರ್ಧ ವೇಗ ಮೀರಬಾರದು. ವೇಗವನ್ನು ಏರಿಸುತ್ತ ಇಳಿಸುತ್ತ ಓಡಿಸಿ, ಒಂದೇ ವೇಗದಲ್ಲಿ ಹಿಡಿದಿಟ್ಟರೆ ರಿಂಗು ಬೋರಿಗೆ ಸರಿಯಾಗಿ ಕೂರುವುದಿಲ್ಲ. ಜೊತೆಗೆ ಇನ್ನೊಂದು ದೋಣಿಯೋ, ಕಡೇಪಕ್ಷ ಒಂದು ಜೊತೆ ಹುಟ್ಟೋ ಇರಲಿ. ವಾಪಸು ಬಂದಾಗ ಸಿಹಿನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿ ಉಪ್ಪು ತೊಳೆಯಿರಿ. ಸೀಮೆಎಣ್ಣೆಯದ್ದಾದರೆ ನಿಲ್ಲಿಸುವ ಮುಂಚೆ ಪೆಟ್ರೋಲಿಗೆ ಬದಲಿಸಿ ಒಂದೆರಡು ನಿಮಿಷ ಓಡಿಸಿ, ಮರುದಿನ ಹಚ್ಚುವಾಗ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಇರುತ್ತದೆ. ಬಹಳ ದಿನ ಇಡುವುದಾದರೆ ಇಂಧನದ ಪೈಪ್ ಕಳಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು, ಹಗ್ಗವನ್ನು ನಾಲ್ಕಾರು ಸಲ ಮೆಲ್ಲನೆ ಎಳೆಯಿರಿ. ಹಳೆಯ ಪಿಸ್ಟನ್ನನ್ನು ಗುಜರಿಗೆ ಹಾಕಬೇಡಿ. ಕಾರಣ ಬರೆದ ಚೀಟಿಯನ್ನು ಅದಕ್ಕೆ ಕಟ್ಟಿ ಕಪಾಟಿನಲ್ಲಿಡಿ, ಮುಂದಿನ ಎಂಜಿನ್ ಬಿಚ್ಚಿದ ದಿನ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.